ಹಿಮ ಬೀಳದ ವಾರವೇ ಒಳ್ಳೇ ವಾರ

ಯಾವ ಸ್ಕೀ ರೆಸಾರ್ಟ್‌ನ ವೆಬ್‌ಸೈಟ್ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಮೂರು ಅಂಕಿ. ಒಟ್ಟು ಎಷ್ಟು ಕಿಲೋಮೀಟರ್ ಇಳಿಜಾರಿದೆ, ತುದಿಯಿಂದ ಬುಡದವರೆಗೆ ಎಷ್ಟು ಮೀಟರ್ ಇಳಿಯಬಹುದು, ವರ್ಷಕ್ಕೆ ಎಷ್ಟು ಹಿಮ ಬೀಳುತ್ತದೆ. ಮೂರೂ ದೊಡ್ಡದಿದ್ದರೆ ಒಳ್ಳೆಯ ರೆಸಾರ್ಟ್ ಅಂತ ಲೆಕ್ಕ. ನಾನು ಈಗ ಈ ಮೂರನ್ನೂ ಓದುವುದೇ ಇಲ್ಲ. ಹಿಮದ ಅಂಕಿ ತುಂಬಾ ದೊಡ್ಡದಿದ್ದರೆ ಉತ್ಸಾಹ ಇನ್ನೂ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಮಂಡಿಯುದ್ದ ಹೊಸ ಹಿಮ ಬೀಳುವ ಬೆಟ್ಟದಲ್ಲಿ ನನಗೆ ಬೇಕಾದ್ದು ಸಿಗುವುದು ಅಪರೂಪ.

ನನಗೆ ಬೇಕಾದ್ದು ಕಾರ್ವಿಂಗ್. ಸ್ನೋಬೋರ್ಡನ್ನು, ಅಂದರೆ ಎರಡೂ ಕಾಲು ಬಿಗಿದು ಪಕ್ಕಕ್ಕೆ ತಿರುಗಿ ನಿಲ್ಲುವ ಒಂದೇ ಹಲಗೆಯನ್ನು, ಅದರ ಅಂಚಿನ ಮೇಲೆ ನಿಲ್ಲಿಸಿ, ಆ ಅಂಚು ಕೊರೆದ ಗೆರೆಯಲ್ಲೇ ಇಡೀ ಬೋರ್ಡ್ ಹರಿದು ಹೋಗುವಂತೆ ತಿರುಗುವುದು. ಪಕ್ಕಕ್ಕೆ ಜಾರುವ ಹಾಗಿಲ್ಲ, ಹಿಮ ಕೆರೆಯುವ ಹಾಗಿಲ್ಲ. ಆಮೇಲೆ ಕೇಬಲ್‌ಗೆ ತೂಗುವ ಕುರ್ಚಿಯ ಲಿಫ್ಟ್‌ನಲ್ಲಿ ಮೇಲೆ ಹೋಗುತ್ತಾ ಕೆಳಗೆ ನೋಡಿದರೆ ಸರಿಯಾಗಿ ಮಾಡಿದ್ದೇವೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಸರಿಯಾಗಿದ್ದರೆ ತೆಳ್ಳನೆಯ ಒಂದೇ ಗೆರೆ. ಜಾರಿದ್ದರೆ ಅಗಲವಾದ ಪಟ್ಟಿ. ಈ ಗೆರೆಗಾಗಿ ಬರುವವರಿಗೂ, ಹೊಸ ಹಿಮದಲ್ಲಿ ತೇಲಲು ಬರುವವರಿಗೂ ಒಂದೇ ಬೆಟ್ಟ ಸರಿಹೋಗುವುದಿಲ್ಲ. ಆದರೆ ರೆಸಾರ್ಟ್ ಬಗ್ಗೆ ಬರೆಯುವವರು ಹೆಚ್ಚಾಗಿ ಎರಡನೇ ಗುಂಪಿನವರು. ಅವರ ಪಟ್ಟಿ ನಂಬಿ ಹೋದರೆ ನಮಗೆ ಸಿಗುವುದು ಬೇರೆಯವರ ರಜೆ.

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಬೇಜಾರಾದರೆ ಒಂದು ಪ್ಯಾರಾ ಹಾರಿಸಿ, ತೊಂದರೆಯಿಲ್ಲ. ಬೋರ್ಡಿನ ಎರಡು ಬದಿಗಳೂ ನಡುವೆ ಒಳಕ್ಕೆ ಬಾಗಿರುತ್ತವೆ. ಆ ಬಾಗನ್ನು ಮುಂದುವರಿಸಿ ಪೂರ್ತಿ ವೃತ್ತ ಬರೆದರೆ ಸಿಗುವ ತ್ರಿಜ್ಯಕ್ಕೆ ಸೈಡ್‌ಕಟ್ ರೇಡಿಯಸ್ ಎನ್ನುತ್ತಾರೆ. ಸಾಮಾನ್ಯ ಬೋರ್ಡ್‌ಗಳಲ್ಲಿ ಇದು 7ರಿಂದ 9 ಮೀಟರ್. ಕಾರ್ವಿಂಗ್‌ಗೆಂದೇ ಮಾಡಿದವುಗಳಲ್ಲಿ 10ರಿಂದ 15. ರೇಸ್ ಬೋರ್ಡ್‌ಗಳಲ್ಲಿ 20 ದಾಟುವುದೂ ಉಂಟು. ಬೋರ್ಡನ್ನು ಎಷ್ಟು ವಾಲಿಸುತ್ತೇವೋ ಸುತ್ತು ಅಷ್ಟು ಚಿಕ್ಕದಾಗುತ್ತದೆ. 8 ಮೀಟರಿನ ಬೋರ್ಡನ್ನು 60 ಡಿಗ್ರಿ ವಾಲಿಸಿದರೆ ಅದು 4 ಮೀಟರ್ ತ್ರಿಜ್ಯದ ಸುತ್ತು ಹಾಕುತ್ತದೆ. ಸುತ್ತು ಚಿಕ್ಕದಾದಷ್ಟೂ ಹೊರಕ್ಕೆ ಎಳೆಯುವ ಬಲ ಜಾಸ್ತಿ, ಅದನ್ನು ತಡೆಯಲು ಇನ್ನೂ ವಾಲಬೇಕು, ವಾಲಿದರೆ ಸುತ್ತು ಇನ್ನೂ ಚಿಕ್ಕದು. ಹೀಗೆ ಹೋಗುತ್ತಾ ಒಂದು ವೇಗ ಬರುತ್ತದೆ. ಅದರ ಮೇಲೆ ಎಷ್ಟು ವಾಲಿದರೂ ಲೆಕ್ಕ ಕೂಡುವುದಿಲ್ಲ. ಗುರುತ್ವವನ್ನು ಸೈಡ್‌ಕಟ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಆ ವೇಗ ಸಿಗುತ್ತದೆ. 8 ಮೀಟರಿಗೆ ಗಂಟೆಗೆ ಸುಮಾರು 32 ಕಿಲೋಮೀಟರ್, 12ಕ್ಕೆ 39, 20ಕ್ಕೆ 50. ಇದು ಸಮತಟ್ಟು ನೆಲಕ್ಕೆ ಮಾಡಿದ ಅಂದಾಜು. ನಿಜವಾದ ಇಳಿಜಾರಿನಲ್ಲಿ ಒಂಚೂರು ಆಚೀಚೆ ಆಗುತ್ತದೆ, ಬೋರ್ಡ್ ಬಗ್ಗುವುದರಿಂದಲೂ ವ್ಯತ್ಯಾಸ ಬರುತ್ತದೆ. ಆದರೂ ಮುಖ್ಯ ವಿಷಯ ಬದಲಾಗುವುದಿಲ್ಲ. ಕೈಯಲ್ಲಿರುವ ಬೋರ್ಡಿಗೆ ಒಂದು ವೇಗವಿದೆ, ಅದನ್ನು ಮೀರಿದರೆ ಅಂಚು ಬಿಟ್ಟು ಜಾರಲೇಬೇಕು.

ಹಾಗಾಗಿ ರೆಸಾರ್ಟ್ ಹುಡುಕುವ ಮೊದಲು ನಾನು ನೋಡುವುದು ನನ್ನ ಬೋರ್ಡಿನ ಮೇಲೆ ಬರೆದಿರುವ ಅಂಕಿಯನ್ನು. ಚಿಕ್ಕ ಸೈಡ್‌ಕಟ್ ಇಟ್ಟುಕೊಂಡು ಕಡಿದಾದ, ನಕ್ಷೆಯಲ್ಲಿ ಕಪ್ಪು ಬಣ್ಣ ಕೊಟ್ಟ ಇಳಿಜಾರು ದಾರಿಗಳ, ಅಂದರೆ ಬ್ಲ್ಯಾಕ್ ರನ್‌ಗಳ ಬೆಟ್ಟಕ್ಕೆ ಹೋದರೆ ಇಡೀ ದಿನ ಬ್ರೇಕ್ ಹಾಕುವುದೇ ಕೆಲಸ. ಕಾರ್ವಿಂಗ್‌ನಲ್ಲಿ ಬ್ರೇಕ್ ಅನ್ನುವುದೇ ಇಲ್ಲ. ವೇಗ ಇಳಿಸಬೇಕೆಂದರೆ ತಿರುವನ್ನು ಪೂರ್ತಿ ಮಾಡಿ, ಬೋರ್ಡನ್ನು ಇಳಿಜಾರಿಗೆ ಅಡ್ಡಲಾಗಿ, ಕೆಲವೊಮ್ಮೆ ಒಂದೆರಡು ಮೀಟರ್ ಮೇಲಕ್ಕೂ ಹತ್ತಿಸಬೇಕು. ಅದಕ್ಕೆ ಜಾಗ ಬೇಕು, ಮೆತ್ತಗಿನ ಇಳಿಜಾರು ಬೇಕು.

ಎಷ್ಟು ಮೆತ್ತಗೆ? ನನ್ನ ಅನುಭವದಲ್ಲಿ 10ರಿಂದ 18 ಡಿಗ್ರಿ ಒಳಗೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ತಿರುವಿನ ಕೊನೆಯಲ್ಲಿ ವೇಗವೇ ಉಳಿಯುವುದಿಲ್ಲ. ಜಾಸ್ತಿಯಾದರೆ ತಿರುವಿನ ಎರಡನೇ ಅರ್ಧದಲ್ಲಿ ಕಾಲಿಗೆ ಬೀಳುವ ಭಾರ ಏಕ್‌ದಂ ಏರಿ ಅಂಚು ಕಿತ್ತುಬರುತ್ತದೆ. ನಕ್ಷೆಯ ಬಣ್ಣ ನೋಡಿ ಇದನ್ನು ತಿಳಿಯಬಹುದಾ ಅಂದರೆ, ಯುರೋಪಿನಲ್ಲಿ ಸ್ವಲ್ಪ ಮಟ್ಟಿಗೆ ಹೌದು. ಆಸ್ಟ್ರಿಯಾ, ಜರ್ಮನಿ, ಇಟಲಿ ಕಡೆ ನೀಲಿ ಎಂದರೆ 25 ಶೇಕಡಾದವರೆಗಿನ ಇಳಿಜಾರು, ಕೆಂಪು ಎಂದರೆ 40 ಶೇಕಡಾದವರೆಗೆ. ಡಿಗ್ರಿಯಲ್ಲಿ ಹೇಳುವುದಾದರೆ ಸುಮಾರು 14 ಮತ್ತು 22. ಹಾಗಾದರೆ ನಮ್ಮ ಜಾಗ ನೀಲಿಯ ಮೇಲಿನ ಅರ್ಧ ಮತ್ತು ಕೆಂಪಿನ ಕೆಳಗಿನ ಅರ್ಧ. ಅಮೆರಿಕದಲ್ಲಿ ಬಣ್ಣವನ್ನು ಆಯಾ ರೆಸಾರ್ಟ್‌ನವರು ತಮ್ಮದೇ ಉಳಿದ ರನ್‌ಗಳಿಗೆ ಹೋಲಿಸಿ ಕೊಡುತ್ತಾರೆ. ಒಂದು ಬೆಟ್ಟದ ನೀಲಿ ಇನ್ನೊಂದರಲ್ಲಿ ಕಪ್ಪು ಆಗಬಹುದು. ಅಲ್ಲಿ ಬಣ್ಣ ನಂಬುವುದಕ್ಕಿಂತ ಎತ್ತರದ ಗೆರೆಗಳಿರುವ ಭೂಪಟ ತೆರೆದು ಗೆರೆಗಳ ನಡುವಿನ ಅಂತರ ನೋಡುವುದು ವಾಸಿ.

ಆ ಭೂಪಟದಲ್ಲಿ ನಾನು ಸರಾಸರಿ ಇಳಿಜಾರನ್ನು ಹುಡುಕುವುದಿಲ್ಲ. ಗೆರೆಗಳು ಒಂದೇ ಅಂತರದಲ್ಲಿ ಸಾಲಾಗಿ ಇವೆಯೇ ಅಂತ ಹುಡುಕುತ್ತೇನೆ. ಸರಾಸರಿ 15 ಡಿಗ್ರಿ ಇರುವ ರನ್ ಒಳಗೆ 28 ಡಿಗ್ರಿಯ ಒಂದು ಗೋಡೆಯೂ, ಅದರ ಕೆಳಗೆ ಕಾಲೆಳೆದುಕೊಂಡು ಹೋಗಬೇಕಾದ ಚಪ್ಪಟೆ ರಸ್ತೆಯೂ ಅಡಗಿರಬಹುದು. ಸ್ಕೀಯವರು ಆ ಚಪ್ಪಟೆಯಲ್ಲಿ ಕೋಲು ಊರಿಕೊಂಡು ಹೋಗಿಬಿಡುತ್ತಾರೆ. ನಾವು ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು. ಇನ್ನೊಂದು ಕಾಟ, ಪಕ್ಕಕ್ಕೆ ವಾಲಿದ ರನ್‌ಗಳು. ನೀರು ಸುರಿದರೆ ನೇರ ಕೆಳಗೆ ಹರಿಯದೆ ಎಡಕ್ಕೋ ಬಲಕ್ಕೋ ಓಡುತ್ತದಲ್ಲ, ಅಂಥವು. ಅಲ್ಲಿ ಒಂದು ಬದಿಯ ತಿರುವು ತುಂಬಾ ಸುಲಭ, ಇನ್ನೊಂದು ಆಗುವುದೇ ಇಲ್ಲ. ಬೆಟ್ಟದ ಮೈಗೆ ಅಡ್ಡವಾಗಿ ಕಡಿದ ರನ್‌ಗಳಲ್ಲಿ ಇದು ಸಾಮಾನ್ಯ. ನೇರ ಕೆಳಗೆ ಬೀಳುವ ರನ್‌ಗಳಿಗೆ ಹೆಸರಾದ ಬೆಟ್ಟ ಬೇಕಿದ್ದರೆ ಅಮೆರಿಕದ ಐಡಾಹೊದಲ್ಲಿರುವ ಸನ್ ವ್ಯಾಲಿಯ ಬಾಲ್ಡ್ ಮೌಂಟನ್ ನೋಡಬಹುದು. ಮೇಲಿಂದ ಕೆಳಗೆ ಸುಮಾರು ಸಾವಿರ ಮೀಟರ್ ಇಳಿತ, ನಡುವೆ ಚಪ್ಪಟೆ ಬಹಳ ಕಡಿಮೆ. ಆದರೆ ಒಟ್ಟಾರೆ ಕಡಿದು. ಚಿಕ್ಕ ಸೈಡ್‌ಕಟ್‌ನವರು ತೊಡೆ ಗಟ್ಟಿ ಮಾಡಿಕೊಂಡು ಹೋಗಬೇಕು.

ಅಗಲದ ವಿಷಯ. 8 ಮೀಟರ್ ತ್ರಿಜ್ಯದ ಸುತ್ತಿನಲ್ಲಿ ಪೂರ್ತಿ ಅರ್ಧ ವೃತ್ತ ಒಂದಾದ ಮೇಲೊಂದು ಹಾಕಿದರೆ 16 ಮೀಟರ್ ಅಗಲ ಬೇಕು. ನಡುವೆ ಅಡ್ಡ ಹೋಗುವ ತುಣುಕು ಸೇರಿದರೆ 20. ರೇಸ್ ಬೋರ್ಡಿನವರಿಗೆ ಇದರ ಎರಡರಷ್ಟು. 30 ಮೀಟರ್ ಅಗಲದ ರನ್‌ನಲ್ಲಿ ನಾನೊಬ್ಬನೇ ಮೂರರಲ್ಲಿ ಎರಡು ಭಾಗ ಹಿಡಿದುಕೊಂಡ ಹಾಗಾಯಿತು. ಹಿಂದಿನಿಂದ ನೇರ ಬರುವ ಸ್ಕೀಯವನಿಗೆ ನಾನು ಬಲ ಅಂಚಿಗೆ ಹೋಗಿ ಅಲ್ಲೇ ಇಳಿಯುತ್ತೇನೆ ಅಂತ ಅನಿಸುತ್ತದೆ. ನಾನು ವಾಪಸ್ ಅವನ ದಾರಿಗೇ ಬರುತ್ತೇನೆ. ಅದೂ ಹಿಮ್ಮಡಿ ಕಡೆಯ ತಿರುವಿನ ಕೊನೆಯಲ್ಲಿ ನನ್ನ ಬೆನ್ನು ಬೆಟ್ಟದ ಕಡೆಗಿರುತ್ತದೆ, ಮೇಲಿಂದ ಬರುವವರು ನನಗೆ ಕಾಣುವುದೇ ಇಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಶನ್‌ನ ಹತ್ತು ನಿಯಮಗಳಲ್ಲಿ ಮೂರನೆಯದು, ಹಿಂದಿನಿಂದ ಬರುವವನೇ ಮುಂದಿರುವವನನ್ನು ತಪ್ಪಿಸಿಕೊಂಡು ಹೋಗಬೇಕು ಅನ್ನುತ್ತದೆ. ಕಾರ್ವಿಂಗ್ ಮಾಡುವವರು ಇದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಐದನೆಯದನ್ನು ಮಾತ್ರ ಮರೆಯುತ್ತಾರೆ. ಇಳಿಜಾರಿನಲ್ಲಿ ಮೇಲಕ್ಕೆ ಚಲಿಸುವವರು ಮೊದಲು ಮೇಲೆ ಕೆಳಗೆ ಎರಡೂ ಕಡೆ ನೋಡಿಕೊಳ್ಳಬೇಕು ಅಂತ ಅದರಲ್ಲಿದೆ. ತಿರುವಿನ ಕೊನೆಯಲ್ಲಿ ಬೋರ್ಡನ್ನು ಮೇಲಕ್ಕೆ ಹತ್ತಿಸಿದ ಕ್ಷಣದಿಂದ ಜವಾಬ್ದಾರಿ ನಮ್ಮ ಮೇಲೂ ಬರುತ್ತದೆ. ಡಿಕ್ಕಿಯಾದ ಮೇಲೆ ನಿಯಮ ಯಾರ ಕಡೆಗಿತ್ತು ಅನ್ನುವ ವಾದದಿಂದ ಮುರಿದ ಮೂಳೆ ಕೂಡುವುದಿಲ್ಲ, ಅಲ್ವಾ. ಜನ ಕಡಿಮೆ ಇರುವ ಜಾಗಕ್ಕೆ ಹೋಗುವುದೇ ನನ್ನ ಮಟ್ಟಿಗೆ ಇದಕ್ಕಿರುವ ಪರಿಹಾರ.

ಜನ ಕಡಿಮೆ ಇರುವ ರನ್ ಹುಡುಕಲು ಒಂದು ಉಪಾಯ ಇದೆ. ಲಿಫ್ಟ್‌ಗಳನ್ನು ನೋಡಿ. ಹೊಸ ಚೇರ್‌ಲಿಫ್ಟ್‌ಗಳು ಸೆಕೆಂಡಿಗೆ 5 ಮೀಟರ್ ಆಸುಪಾಸು ಓಡುತ್ತವೆ, ಒಂದು ಕುರ್ಚಿಯಲ್ಲಿ ಆರೆಂಟು ಜನ. ಕೇಬಲ್‌ಗೆ ಕುರ್ಚಿ ಬಿಗಿದೇ ಇರುವ ಹಳೆಯ ಲಿಫ್ಟ್‌ಗಳದ್ದು ಅದರ ಅರ್ಧ ವೇಗ, ಇಬ್ಬರಿಗೋ ಮೂವರಿಗೋ ಜಾಗ. ಎಲ್ಲರೂ ಹೊಸದರ ಕಡೆ ಓಡುತ್ತಾರೆ, ನಾನೂ ಮೊದಲು ಅಲ್ಲಿಗೇ ಹೋಗುತ್ತಿದ್ದೆ. ಆದರೆ ಲಿಫ್ಟ್ ಎಷ್ಟು ಜನರನ್ನು ಮೇಲೆ ಸುರಿಯುತ್ತದೋ ಅಷ್ಟೂ ಜನ ಅದೇ ರನ್ ಮೇಲೆ ಕೆಳಗೆ ಬರುತ್ತಾರೆ. ಮೂಲೆಯಲ್ಲಿ ಕಿರ್ ಕಿರ್ ಎನ್ನುವ ಮುದಿ ಲಿಫ್ಟ್ ಇದ್ದರೆ ಅದರ ಕೆಳಗಿನ ರನ್ ಮಧ್ಯಾಹ್ನದವರೆಗೂ ಹಾಳಾಗದೆ ಉಳಿಯುತ್ತದೆ. ಹೆಚ್ಚು ಸುತ್ತು ಸಿಗುವುದಿಲ್ಲ ನಿಜ, ಆದರೆ ಮೇಲೇರುವಾಗ ಕಾಲಿಗೆ ಪೂರ್ತಿ ವಿಶ್ರಾಂತಿ. ಕುರ್ಚಿಯಿಲ್ಲದೆ ಹಿಮದ ಮೇಲೇ ನಮ್ಮನ್ನು ಎಳೆದೊಯ್ಯುವ ಟಿ-ಬಾರ್ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಪಕ್ಕಕ್ಕೆ ತಿರುಗಿ ನಿಂತವರಿಗಾಗಿ ಯಾರೂ ಅದನ್ನು ಮಾಡಿಲ್ಲ.

ಈಗ ಹಿಮಕ್ಕೆ ಬರೋಣ. ಇದರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ, ತಡೆದುಕೊಳ್ಳಿ.

ರಾತ್ರಿ ಗ್ರೂಮಿಂಗ್ ಯಂತ್ರಗಳು ಬೆಟ್ಟ ಹತ್ತುತ್ತವೆ. ಹೆಚ್ಚಿನ ಕಡೆ ಜರ್ಮನಿಯ ಪಿಸ್ಟನ್‌ಬುಲ್ಲಿ ಅಥವಾ ಇಟಲಿಯ ದಕ್ಷಿಣ ಟಿರೋಲ್‌ನ ಪ್ರಿನೋತ್. ಮುಂದಿನ ಬ್ಲೇಡ್ ಗುಡ್ಡೆಗಳನ್ನು ಸಮ ಮಾಡುತ್ತದೆ. ಹಿಂದೆ ತಿರುಗುವ ಟಿಲ್ಲರ್ ಹಿಮವನ್ನು ಪುಡಿ ಮಾಡಿ ಒತ್ತುತ್ತದೆ. ಅದರ ಹಿಂದಿನ ಹಲ್ಲುಗಳಿಂದ ಬಾಚಣಿಗೆಯಲ್ಲಿ ಬಾಚಿದ ತಲೆಯ ಹಾಗೆ ಸಾಲು ಗೆರೆಗಳು ಮೂಡುತ್ತವೆ. ಇದೇ ಕಾರ್ಡುರಾಯ್. ಫೋಟೋದಲ್ಲಿ ಎಲ್ಲ ಕಾರ್ಡುರಾಯ್ ಒಂದೇ ಥರ ಕಾಣುತ್ತದೆ. ಅಂಚು ಊರಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಟಿಲ್ಲರ್ ಪುಡಿ ಮಾಡಿದ ಹಿಮದ ಕಣಗಳು ಒಂದಕ್ಕೊಂದು ತಾಗಿ ನಿಧಾನವಾಗಿ ಬೆಸೆದುಕೊಳ್ಳುತ್ತವೆ. ಅದಕ್ಕೆ ಕೆಲವು ಗಂಟೆ ಯಾರೂ ತುಳಿಯದೆ ಬಿಡಬೇಕು. ಸಂಜೆ ಏಳಕ್ಕೆ ಗ್ರೂಮ್ ಮಾಡಿದ ರನ್ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅಂಚು ಕಚ್ಚಿದರೆ ಬಿಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಮಾಡಿದ್ದು ನೋಡಲು ಚೆಂದ, ಆದರೆ ಒಂದು ಗಟ್ಟಿ ತಿರುವಿಗೆ ಒಳಗಿಂದ ಕುಸಿಯುತ್ತದೆ. ಸಂಜೆಯೇ ಮಾಡಿ, ರಾತ್ರಿ ಮತ್ತೆ ಹಿಮ ಬಿದ್ದರೆ ಗಟ್ಟಿ ನೆಲದ ಮೇಲೆ ಹತ್ತು ಸೆಂಟಿಮೀಟರ್ ಪುಡಿ. ಪೌಡರ್‌ನವರಿಗೆ, ಅಂದರೆ ಹೊಸ ಹಿಮದಲ್ಲಿ ತೇಲುವವರಿಗೆ, ಅದು ಸಾಲದು, ನಮಗೆ ಅದು ಬೇಡ. ಹೀಗಾಗಿಯೇ ಹಿಮಪಾತದ ಮುನ್ಸೂಚನೆ ನೋಡಿ ಗೆಳೆಯರು ಕುಣಿಯುವಾಗ ನಾನು ಸುಮ್ನೆ ಕೂತಿರುತ್ತೇನೆ. ದೊಡ್ಡ ಹಿಮಪಾತ ಮುಗಿದು, ಆಕಾಶ ತೆರೆದು, ಚಳಿ ಬಿದ್ದು, ಯಂತ್ರಗಳು ಎರಡು ರಾತ್ರಿ ಓಡಾಡಿದ ಮೇಲೆ ನನ್ನ ಸರದಿ.

ಚಾಲಕರ ಕೈಚಳಕವೂ ತುಂಬಾ ಮುಖ್ಯ. ಯಂತ್ರ ಒಂದು ಸಲಕ್ಕೆ ಐದಾರು ಮೀಟರ್ ಅಗಲ ಮುಗಿಸುತ್ತದೆ. ಪಕ್ಕದ ಪಟ್ಟಿ ಸರಿಯಾಗಿ ಮೇಲೆ ಕೂರದಿದ್ದರೆ ನಡುವೆ ಉದ್ದಕ್ಕೂ ಒಂದು ಸಣ್ಣ ದಿಬ್ಬ ಉಳಿಯುತ್ತದೆ. ನೇರ ಇಳಿಯುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅಡ್ಡಲಾಗಿ, ಒಂದು ಅಂಚಿನ ಮೇಲೆ, ಸೊಂಟ ನೆಲಕ್ಕೆ ತಾಗುವಷ್ಟು ವಾಲಿಕೊಂಡು ಬರುವವನಿಗೆ ಪ್ರತಿ ದಿಬ್ಬವೂ ಒಂದು ಏಟು. ಕಡಿದಾದ ಜಾಗಗಳಲ್ಲಿ ಯಂತ್ರವನ್ನು ಮೇಲಿನಿಂದ ಉಕ್ಕಿನ ಹಗ್ಗ ಕಟ್ಟಿ ಇಳಿಸುತ್ತಾರೆ, ಸಾವಿರ ಮೀಟರ್‌ವರೆಗಿನ ಹಗ್ಗ. ಆ ವ್ಯವಸ್ಥೆ ಇಲ್ಲದ ರೆಸಾರ್ಟ್‌ನಲ್ಲಿ ಕಡಿದು ರನ್‌ಗಳು ಚೆನ್ನಾಗಿರುವುದು ಕಷ್ಟ. ಕೆಲವು ರೆಸಾರ್ಟ್‌ಗಳು ಪ್ರತಿ ಬೆಳಿಗ್ಗೆ ಯಾವ ರನ್ ಗ್ರೂಮ್ ಆಗಿದೆ ಅಂತ ಪ್ರಕಟಿಸುತ್ತವೆ. ಒಂದು ಕಡೆ ಮಾತ್ರ ಈ ಪಟ್ಟಿ ವಾರವಿಡೀ ಒಂದಕ್ಷರವೂ ಬದಲಾಗಿರಲಿಲ್ಲ. ಪಟ್ಟಿಯಲ್ಲಿದ್ದ ರನ್‌ನಲ್ಲಿ ಹಿಂದಿನ ದಿನದ ಗುಂಡಿಗಳು ಹಾಗೇ ಇದ್ದವು. ಅಂದಿನಿಂದ ನಾನು ಪಟ್ಟಿಯ ಜೊತೆ ವೆಬ್‌ಕ್ಯಾಮ್ ಕೂಡ ನೋಡುತ್ತೇನೆ. ಬೆಳಗಿನ ಓರೆ ಬಿಸಿಲಿನಲ್ಲಿ ಗೆರೆಗಳು ಕಂಡುಬಿಡುತ್ತವೆ.

ಯಂತ್ರದಿಂದ ಮಾಡಿದ ಹಿಮವನ್ನು ಜನ ಯಾಕೋ ಕೀಳಾಗಿ ನೋಡುತ್ತಾರೆ. ನಮಗಂತೂ ಅದು ವರ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಸ್ನೋ ಗನ್‌ನಿಂದ ಬಂದದ್ದು 400 ಕಿಲೋ ಆಸುಪಾಸು ಇರುತ್ತದೆ. ಕಣಗಳು ನಕ್ಷತ್ರದಂತಿರದೆ ದುಂಡಗಿರುವುದರಿಂದ ಒತ್ತಾಗಿ ಕೂರುತ್ತವೆ, ಗಟ್ಟಿಯಾಗಿ ಬೆಸೆಯುತ್ತವೆ. ದಕ್ಷಿಣ ಕೊರಿಯಾದ ರೆಸಾರ್ಟ್‌ಗಳಲ್ಲಿ ಬಹುಪಾಲು ಇಂಥದ್ದೇ ಹಿಮ. ಅಲ್ಲಿನ ಚಳಿಗಾಲ ಒಣ ಚಳಿಯದ್ದು, ಆಕಾಶದಿಂದ ಬೀಳುವುದು ಕಡಿಮೆ, ಗನ್‌ಗಳಿಗೆ ಹೇಳಿ ಮಾಡಿಸಿದ ಹವೆ. ಕಾರ್ವಿಂಗ್ ಹುಚ್ಚು ಅಲ್ಲಿ ಅಷ್ಟು ಬೆಳೆದಿರುವುದರಲ್ಲಿ ಆಶ್ಚರ್ಯವಿಲ್ಲ. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಮೊದಲು ಸ್ಕೀಯ ಸೂಪರ್-ಜಿಯಲ್ಲಿ, ಒಂದು ವಾರದ ನಂತರ ಸ್ನೋಬೋರ್ಡಿನ, ಇಬ್ಬರು ಅಕ್ಕಪಕ್ಕ ಇಳಿದು ಸ್ಪರ್ಧಿಸುವ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲಿ ಚಿನ್ನ ಗೆದ್ದರಲ್ಲ, ಆ ಎರಡನೇ ಓಟ ನಡೆದದ್ದು ಇಂಥ ಗಟ್ಟಿ ನೆಲದ ಮೇಲೆಯೇ. ಜಪಾನ್ ಎಂದರೆ ಎಲ್ಲರಿಗೂ ಹೊಕ್ಕೈಡೋದ ಪೌಡರ್ ನೆನಪಾಗುತ್ತದೆ. ಅದೇ ದೇಶದ ಇವಾತೆಯಲ್ಲಿ ಆಪ್ಪಿ ಕೋಗೆನ್, ನಾಗಾನೊದಲ್ಲಿ ಶಿಗಾ ಕೋಗೆನ್ ಇವೆ. ಉದ್ದನೆಯ, ಅಚ್ಚುಕಟ್ಟಾಗಿ ಗ್ರೂಮ್ ಆದ ರನ್‌ಗಳು. 1998ರಲ್ಲಿ ಸ್ನೋಬೋರ್ಡ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಜೈಂಟ್ ಸ್ಲಾಲಮ್ ನಡೆದದ್ದು ಶಿಗಾ ಕೋಗೆನ್‌ನ ಯಾಕೆಬಿತಾಯ ಬೆಟ್ಟದಲ್ಲಿ.

ಇನ್ನು ಬಿಸಿಲು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಬೇಗ ಮೆತ್ತಗಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ, ಉತ್ತರದ್ದು ಇಡೀ ದಿನ ಗಟ್ಟಿ. ಜನವರಿಯಲ್ಲಿ ಇದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಮಾರ್ಚ್‌ನಲ್ಲಿ ಎಲ್ಲವೂ ಇದರ ಮೇಲೇ ನಿಂತಿರುತ್ತದೆ. ರಾತ್ರಿ ಹೆಪ್ಪುಗಟ್ಟಿದ್ದು ಬೆಳಿಗ್ಗೆ ಕಲ್ಲಿನಂತಿದ್ದು, ಬಿಸಿಲು ತಾಗಿ ಒಂದು ಹೊತ್ತು ಬೆಣ್ಣೆಯಷ್ಟು ಮೃದುವಾಗಿ, ಆಮೇಲೆ ಗಂಜಿಯಾಗುತ್ತದೆ. ಆ ನಡುವಿನ ಹೊತ್ತನ್ನು ಹಿಡಿಯಬೇಕು. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಬೆಟ್ಟ ಇಟಲಿಯ ಕ್ರೋನ್‌ಪ್ಲಾಟ್ಸ್. 2,275 ಮೀಟರ್ ಎತ್ತರದ ದುಂಡು ಗುಡ್ಡ, ತುದಿಯಿಂದ ಎಲ್ಲ ದಿಕ್ಕಿಗೂ ರನ್‌ಗಳು ಇಳಿಯುತ್ತವೆ. ಯಾವ ಮುಖದ ಹಿಮ ಈಗ ಸರಿಯಾಗಿದೆಯೋ ಆ ಕಡೆ ಇಳಿದರೆ ಆಯಿತು, ಬಿಸಿಲಿನ ಜೊತೆ ನಾವೂ ಬೆಟ್ಟ ಸುತ್ತಬಹುದು. ಸುತ್ತಲಿನ ಡೊಲೊಮೈಟ್ಸ್ ಪ್ರದೇಶದಲ್ಲಿ ಒಂದೇ ಪಾಸ್‌ಗೆ 1,200 ಕಿಲೋಮೀಟರ್ ರನ್ ಸಿಗುತ್ತದೆ, ಹೆಚ್ಚೂಕಮ್ಮಿ ಎಲ್ಲಕ್ಕೂ ಸ್ನೋ ಗನ್ ಇದೆ. ಅಷ್ಟು ಕಿಲೋಮೀಟರ್ ನನಗೆ ಬೇಕಿಲ್ಲ. ಆಲ್ಟಾ ಬಾಡಿಯಾದ ಅಗಲವಾದ ನೀಲಿ ರನ್‌ಗಳಲ್ಲಿ ಎರಡು ಮೂರು ಸಿಕ್ಕರೆ ಸಾಕು. ರೇಸ್ ನೋಡುವ ಆಸೆಯಿದ್ದವರಿಗೆ ಅದೇ ಪ್ರದೇಶದ ಕರೇಝಾ ಇದೆ, ವಿಶ್ವಕಪ್‌ನ ಪ್ಯಾರಲಲ್ ಓಟಗಳು ಅಲ್ಲಿ ನಡೆಯುತ್ತವೆ.

ಹೋಗಲಾಗದ ಒಂದು ಜಾಗದ ಬಗ್ಗೆಯೂ ಹೇಳಬೇಕು. ಅಮೆರಿಕದಲ್ಲಿ ಗ್ರೂಮಿಂಗ್‌ಗೆ ಬಹಳ ಹೆಸರು ಮಾಡಿದ ರೆಸಾರ್ಟ್ ಯೂಟಾದ ಡೀರ್ ವ್ಯಾಲಿ. ದಿನಕ್ಕೆ ಇಂತಿಷ್ಟೇ ಟಿಕೆಟ್ ಮಾರುತ್ತಾರೆ, ಹಾಗಾಗಿ ಜನಸಂದಣಿಯೂ ಕಡಿಮೆ. ಅಗಲ, ನುಣುಪು, ಖಾಲಿ, ಎಲ್ಲ ಇದೆ. ಸ್ನೋಬೋರ್ಡಿಗೆ ಪ್ರವೇಶ ಮಾತ್ರ ಇಲ್ಲ. ಯೂಟಾದಲ್ಲೇ ಇರುವ ಆಲ್ಟಾ ಮತ್ತು ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಜೊತೆ ಸೇರಿ ಆ ದೇಶದಲ್ಲಿ ಬೋರ್ಡ್ ಬಿಡದ ಮೂರು ರೆಸಾರ್ಟ್‌ಗಳಲ್ಲಿ ಇದೂ ಒಂದು. ಉಳಿದ ಎರಡು ನಮಗೆ ಹೇಗೂ ಬೇಡ, ಅವು ಬೇರೆ ರುಚಿಯವರಿಗೆ. ಡೀರ್ ವ್ಯಾಲಿ ಮಾತ್ರ ಹೊಟ್ಟೆ ಉರಿಸುತ್ತದೆ. ಸ್ನೋಬೋರ್ಡ್‌ನವರು ಹಿಮ ಕೆರೆದು ಹಾಳು ಮಾಡುತ್ತಾರೆ ಅನ್ನುವ ಹಳೆಯ ದೂರಿದೆಯಲ್ಲ, ತೆಳ್ಳನೆಯ ಗೆರೆ ಬಿಟ್ಟು ಹೋಗುವ ನಮಗೂ ಅದರದೇ ಶಿಕ್ಷೆ.

ಬೋರ್ಡ್, ಬೂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೂಟಿನ ತುದಿ ಬೋರ್ಡಿನಿಂದ ಹೊರಗೆ ಚಾಚಿದ್ದರೆ ಎಂಥ ರನ್ ಸಿಕ್ಕರೂ ಪ್ರಯೋಜನವಿಲ್ಲ. ವಾಲಿದ ಕೂಡಲೇ ಬೂಟು ಹಿಮಕ್ಕೆ ತಾಗಿ ಅಂಚು ಎದ್ದುಬಿಡುತ್ತದೆ. ಅಗಲದ ಬೋರ್ಡ್ ತೆಗೆದುಕೊಳ್ಳಿ, ಇಲ್ಲವೇ ಎರಡೂ ಪಾದಗಳನ್ನು ಮುಂದಕ್ಕೆ ತಿರುಗಿಸಿ. ಸ್ವಿಟ್ಜರ್ಲೆಂಡಿನ ಜಿನಾಲ್ ಎಂಬ ಹಳ್ಳಿಯಲ್ಲಿ ಬೆಳೆದ ಎಕ್ಸ್‌ಟ್ರೀಮ್ ಕಾರ್ವಿಂಗ್ ಶೈಲಿಯವರು ಗಟ್ಟಿ ಬೂಟು ಹಾಕಿ, ಇಡೀ ಮೈ ಹಿಮಕ್ಕೆ ತಾಗುವಂತೆ ಮಲಗಿ ತಿರುಗುತ್ತಾರೆ. ವಿಚಿತ್ರ ಅಂದರೆ ಅವರಿಗೆ ನನಗಿಂತ ಕಡಿದಾದ ರನ್ ಬೇಕು. ಮಲಗಿದವನಿಗೆ ನೆಲ ಎದ್ದು ಹತ್ತಿರ ಬಂದಷ್ಟೂ ಅನುಕೂಲ. ಜೊತೆಗೆ ಸ್ವಲ್ಪ ಮೆತ್ತನೆಯ ಹಿಮವೂ ಬೇಕು. ಅವರಿಗೆ ಒಳ್ಳೆಯ ಬೆಟ್ಟ ನನಗೆ ಒಳ್ಳೆಯದಾಗಬೇಕಿಲ್ಲ.

ಬೆಳಿಗ್ಗೆ ಮೊದಲ ಲಿಫ್ಟ್‌ಗೇ ಯಾಕೆ ಓಡಬೇಕು ಮಾರಾಯ, ರಜೆ ತಾನೆ, ಅಂತ ಜೊತೆಗೆ ಬಂದವರು ಕೇಳುತ್ತಾರೆ. ಯಾಕೆಂದರೆ ಹನ್ನೊಂದರ ಹೊತ್ತಿಗೆ ಮುಗಿದುಹೋಗುತ್ತದೆ. ನೂರಾರು ಜನ ಕೆರೆದು ಕೆರೆದು ನಡುವೆ ಗಾಜಿನಂಥ ಪಟ್ಟಿ, ಪಕ್ಕದಲ್ಲಿ ಸಡಿಲ ಹಿಮದ ಗುಡ್ಡೆ. ಹಾಗಾಗಿ ಉಳಿದುಕೊಳ್ಳುವ ಜಾಗ ಮೊದಲ ಲಿಫ್ಟ್‌ಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಬಸ್ಸಿಗೆ ಕಾದು ಒಂಬತ್ತೂವರೆಗೆ ತಲುಪುವ ದೊಡ್ಡ ರೆಸಾರ್ಟ್‌ಗಿಂತ, ಬಾಗಿಲು ತೆರೆದರೆ ಲಿಫ್ಟ್ ಕಾಣುವ ಚಿಕ್ಕದು ನನಗೆ ಎಷ್ಟೋ ಮೇಲು. ಶನಿವಾರ, ಭಾನುವಾರ ಬೇಡ, ಶಾಲೆಗಳ ರಜೆ ಬೇಡ. ಮಂಗಳವಾರ, ಬುಧವಾರದಷ್ಟು ಒಳ್ಳೆಯ ದಿನಗಳಿಲ್ಲ. ಮಧ್ಯಾಹ್ನ ಏನು ಮಾಡುತ್ತೀರಿ ಅಂದರೆ, ರಾತ್ರಿ ಓಟಕ್ಕೆ ದೀಪ ಹಾಕುವ ರೆಸಾರ್ಟ್ ಆಗಿದ್ದರೆ ನಿದ್ದೆ. ಅಂಥ ಕೆಲವು ಕಡೆ ಸಂಜೆ ಲಿಫ್ಟ್ ಒಂದೆರಡು ಗಂಟೆ ನಿಲ್ಲಿಸಿ ಮತ್ತೆ ಗ್ರೂಮ್ ಮಾಡುತ್ತಾರೆ, ಒಂದೇ ದಿನಕ್ಕೆ ಎರಡು ಬೆಳಿಗ್ಗೆ ಸಿಕ್ಕ ಹಾಗೆ. ದೀಪವಿಲ್ಲದಿದ್ದರೆ ಉತ್ತರ ಮುಖದ ಯಾವುದಾದರೂ ರನ್ ಪಕ್ಕ ಆ ಮುದಿ ಲಿಫ್ಟ್ ಇದೆಯಾ ಅಂತ ನಕ್ಷೆ ತೆಗೆದು ನೋಡುತ್ತೇನೆ.